ಸೇತುವೆ ಕಟ್ಟಿದ ಮೇಲಿನ ಕೆಲಸ: ಐರ್ಲೆಂಡಿನ ಗಡಿಯನ್ನು ಕುರಿತು



ಶಿಕ್ಷಣ, ಪ್ರವಾಸ, ಸಮಾಜದ ಕೆಲಸಕ್ಕಾಗಿ ತೊಡಗಿಸಿದ ಹಣ, ಈ ಮೂರರಿಂದ ಗಡಿಯ ಎರಡು ಬದಿಯ ಜನರನ್ನು ಒಂದುಗೂಡಿಸಲು ಸಾಧ್ಯವೇ ಎಂಬುದು ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ. ಗಡಿ ಎಂದ ಕೂಡಲೇ ನಮ್ಮಲ್ಲಿ ಬೆಳಗಾವಿಯೋ ಕಾಸರಗೋಡೋ ನೆನಪಾಗುವುದು ಸಹಜ. ನಾನು ಅಲ್ಲಿಗೆ ಹೋಗುವುದಿಲ್ಲ. ಐವತ್ತು ವರ್ಷಗಳಿಂದ ಈ ಮೂರೂ ದಾರಿಗಳನ್ನು ಹಟ ಹಿಡಿದು ಪ್ರಯತ್ನಿಸಿದ, ಸೋತ, ಸ್ವಲ್ಪಮಟ್ಟಿಗೆ ಗೆದ್ದ ಒಂದು ನೆಲವಿದೆ. ಅದು ಐರ್ಲೆಂಡ್. ಅದರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಆ ದೇಶ ಕನ್ನಡಿಗರಿಗೆ ತೀರಾ ಹೊರಗಿನದೇನಲ್ಲ. 1924ರಲ್ಲಿ ಮೈಸೂರಿನಲ್ಲಿ, ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ತಮ್ಮ ಬಳಿ ಬಂದ ಒಬ್ಬ ಹುಡುಗನಿಗೆ, ನಿನ್ನ ಭಾಷೆಯಲ್ಲಿ ಬರೆ ಎಂದು ಹೇಳಿ ಕಳಿಸಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಆ ಹುಡುಗ ಕುವೆಂಪು. ಜೇಮ್ಸ್ ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಅದಕ್ಕೂ ಮೊದಲೇ, 1919ರ ಸುಮಾರಿಗೆ, ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿ ದುಡಿದಿದ್ದರು. ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಿದವರಲ್ಲೂ ಅವರ ಹೆಸರು ಮುಂದಿದೆ. ಜೇಮ್ಸ್ ಹುಟ್ಟಿದ್ದು ಉತ್ತರದ ಬೆಲ್‌ಫಾಸ್ಟಿನಲ್ಲಿ, ಮಾರ್ಗರೆಟ್ ಹುಟ್ಟಿದ್ದು ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಎಂಬ ಸಣ್ಣ ಪಟ್ಟಣದಲ್ಲಿ. ಇಬ್ಬರೂ 1915ರಲ್ಲಿ ಭಾರತಕ್ಕೆ ಬಂದಾಗ ಆ ಎರಡು ಊರುಗಳ ನಡುವೆ ಯಾವ ಗಡಿಯೂ ಇರಲಿಲ್ಲ. 1921ರಲ್ಲಿ ದ್ವೀಪ ಇಬ್ಭಾಗವಾಯಿತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನ ಜೊತೆಗೇ ಉಳಿದವು. ಉಳಿದ ಇಪ್ಪತ್ತಾರು ಬೇರೆ ರಾಷ್ಟ್ರವಾದವು. ನಮ್ಮ ನಡುವೆ ಬದುಕಿದ ಆ ದಂಪತಿಯಲ್ಲಿ ಗಂಡನ ತವರು ಒಂದು ದೇಶಕ್ಕೆ ಹೋಯಿತು, ಹೆಂಡತಿಯ ತವರು ಇನ್ನೊಂದಕ್ಕೆ.

ಸುಮಾರು 500 ಕಿಲೋಮೀಟರ್ ಉದ್ದದ ಈ ಗಡಿಯನ್ನು ಯಾರೂ ಹೊಸದಾಗಿ ಅಳೆದು ಎಳೆಯಲಿಲ್ಲ. ಹಳೆಯ ಕೌಂಟಿಗಳ ಎಲ್ಲೆಯೇ ರಾತ್ರೋರಾತ್ರಿ ರಾಷ್ಟ್ರಗಳ ಎಲ್ಲೆಯಾಯಿತು. ಹೊಲಗದ್ದೆಗಳ ನಡುವೆ, ಹೊಳೆಯ ಮಧ್ಯೆ, ಕೆಲವು ಕಡೆ ಊರಿನ ನಡುವೆಯೇ ಅದು ಹಾಯುತ್ತದೆ. ಡಾನಿಗಾಲ್ ಕೌಂಟಿಯ ಪೆಟ್ಟಿಗೋ ಎಂಬ ಹಳ್ಳಿಯಲ್ಲಿ ಹೊಳೆ ದಾಟಿದರೆ ಬೇರೆ ದೇಶ. ಕ್ಲೋನ್ಸ್‌ನಿಂದ ಕ್ಯಾವನ್ ಕಡೆಗೆ ಹೋಗುವ ರಸ್ತೆ ಕೆಲವೇ ಮೈಲಿಗಳಲ್ಲಿ ಹಲವು ಬಾರಿ ಗಡಿಯ ಒಳಗೂ ಹೊರಗೂ ಓಡಾಡುತ್ತದೆ. ಇನ್ನೂರಕ್ಕೂ ಹೆಚ್ಚು ರಸ್ತೆಗಳು ಈ ಗಡಿಯನ್ನು ದಾಟುತ್ತವೆ. 1970ರ ದಶಕದಲ್ಲಿ ಬ್ರಿಟಿಷ್ ಸೇನೆ ಅವುಗಳಲ್ಲಿ ಬಹುಪಾಲು ಸಣ್ಣ ರಸ್ತೆಗಳನ್ನು ಕಾಂಕ್ರೀಟು ದಿಮ್ಮಿಗಳಿಂದ ಮುಚ್ಚಿತು, ಕೆಲವನ್ನು ಸಿಡಿಮದ್ದು ಇಟ್ಟು ಅಗೆಯಿತು. ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ, ಬಹುತೇಕ ಪ್ರಾಟೆಸ್ಟೆಂಟರಾದ ಯೂನಿಯನಿಸ್ಟರು ಒಂದು ಕಡೆ. ಐರ್ಲೆಂಡ್ ಒಂದಾಗಬೇಕೆನ್ನುವ, ಬಹುತೇಕ ಕ್ಯಾಥೊಲಿಕರಾದ ರಾಷ್ಟ್ರೀಯವಾದಿಗಳು ಇನ್ನೊಂದು ಕಡೆ. ಇವರ ನಡುವಿನ ಸಂಘರ್ಷದಲ್ಲಿ ಮೂವತ್ತು ವರ್ಷಗಳಲ್ಲಿ 3500ಕ್ಕೂ ಹೆಚ್ಚು ಜನ ಸತ್ತರು. ಉತ್ತರ ಐರ್ಲೆಂಡಿನ ಜನಸಂಖ್ಯೆ ಆಗ ಹದಿನೈದು ಹದಿನಾರು ಲಕ್ಷ. ಅಲ್ಲಿ ಸಾವನ್ನು ಕಾಣದ ಓಣಿಗಳು ಕಡಿಮೆ.

ಒಂದು ಸೇತುವೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫರ್ಮಾನಾ ಮತ್ತು ಕ್ಯಾವನ್ ಕೌಂಟಿಗಳ ನಡುವೆ ವುಡ್‌ಫೋರ್ಡ್ ಎಂಬ ಸಣ್ಣ ಹೊಳೆ ಇದೆ. ಅದರ ಮೇಲೆ ಆಗಲೇನ್ ಎಂಬಲ್ಲಿ ಒಂದು ಕಲ್ಲಿನ ಸೇತುವೆಯಿತ್ತು. ದಕ್ಷಿಣದ ಬೆಲ್‌ಟರ್ಬೆಟ್ ಪಟ್ಟಣಕ್ಕೆ ಉತ್ತರದ ಹಳ್ಳಿಗಳ ಜನ ಸಂತೆಗೆ, ಅಂಗಡಿಗೆ, ನೆಂಟರ ಮನೆಗೆ ಬರುತ್ತಿದ್ದುದು ಆ ಸೇತುವೆ ದಾಟಿಯೇ. 1972ರಲ್ಲಿ ಯೂನಿಯನಿಸ್ಟ್ ಉಗ್ರರು ಅದನ್ನು ಸ್ಫೋಟಿಸಿದರು. ಅದೇ ವರ್ಷ ಡಿಸೆಂಬರ್ 28ರಂದು ಬೆಲ್‌ಟರ್ಬೆಟ್‌ನ ಬೀದಿಯಲ್ಲೇ ಕಾರ್‌ಬಾಂಬ್ ಸಿಡಿದು ಇಬ್ಬರು ಹದಿಹರೆಯದವರು ಸತ್ತರು. ಅಲ್ಲಿಂದಾಚೆಗೆ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಆ ಹೊಳೆಯ ಮೇಲೆ ಸೇತುವೆಯೇ ಇರಲಿಲ್ಲ. ಊರಿನ ವ್ಯಾಪಾರ ಸೊರಗಿತು. ಆಚೆ ದಡದ ಗೆಳೆಯನನ್ನು ನೋಡಬೇಕೆಂದರೆ ಸುತ್ತುಬಳಸಿ, ಚೆಕ್‌ಪೋಸ್ಟಿನಲ್ಲಿ ನಿಂತು, ಹೆಸರು ಹೇಳಿ ಹೋಗಬೇಕು. ನೋಡದೆ ಇರುವುದು ಕ್ರಮೇಣ ಅಭ್ಯಾಸವಾಯಿತು. 1999ರಲ್ಲಿ ಅಲ್ಲಿ ಹೊಸ ಸೇತುವೆ ಎದ್ದಿತು. ಶಾಂತಿ ಮಾತುಕತೆಯ ಅಧ್ಯಕ್ಷತೆ ವಹಿಸಿದ್ದ ಅಮೆರಿಕದ ಸೆನೆಟರ್ ಜಾರ್ಜ್ ಮಿಚೆಲ್ ಅವರ ಹೆಸರನ್ನು ಅದಕ್ಕೆ ಇಟ್ಟರು.

ಸೇತುವೆ ಬಂದಿತು, ಸರಿ. ಆದರೆ ಇಪ್ಪತ್ತೈದು ವರ್ಷ ದಾಟದೆ ಇದ್ದ ಜನ ಯಾಕೆ ದಾಟಬೇಕು? ನನ್ನ ಇಡೀ ಉಪನ್ಯಾಸ ಈ ಪ್ರಶ್ನೆಯ ಸುತ್ತಲೇ ಇದೆ. ನನಗೆ ತೋರುವುದು ಇಷ್ಟು: ಎರಡು ಕಡೆಯ ಜನರನ್ನು ಕರೆತಂದು ಎದುರುಬದುರು ಕೂರಿಸಿ ಸೌಹಾರ್ದದ ಮಾತಾಡಿಸಿದರೆ ಆ ಸೌಹಾರ್ದ ಸಂಜೆಯ ಬಸ್ಸು ಹತ್ತುವವರೆಗೆ ಇರುತ್ತದೆ. ಇಬ್ಬರಿಗೂ ಬೇಕಾದ, ಇಬ್ಬರೂ ಸೇರಿ ನೋಡಿಕೊಳ್ಳದಿದ್ದರೆ ಕೆಟ್ಟುಹೋಗುವ ಒಂದು ಸ್ವತ್ತನ್ನು ಅವರ ಕೈಗೆ ಕೊಟ್ಟು, ಅದರ ಹಣಕಾಸಿನ ತೀರ್ಮಾನವನ್ನೂ ಅವರಿಗೇ ಬಿಟ್ಟರೆ ಸಂಬಂಧ ನಿಲ್ಲುತ್ತದೆ. ಒಂದೇ ಕೆರೆಯ ಕೆಳಗೆ ಗದ್ದೆ ಇರುವವರು ಎಷ್ಟೇ ಹಗೆ ಸಾಧಿಸಿದರೂ ತೂಬು ಎತ್ತುವ ಸರದಿಯ ಬಗ್ಗೆ ಕೂತು ಮಾತಾಡಲೇಬೇಕಾಗುತ್ತದಲ್ಲ, ಹಾಗೆ.

ಇದಕ್ಕೆ ಒಳ್ಳೆಯ ನಿದರ್ಶನ ಆ ವುಡ್‌ಫೋರ್ಡ್ ಹೊಳೆಯಲ್ಲೇ ಇದೆ. ಶ್ಯಾನನ್ ನದಿ ದಕ್ಷಿಣದ್ದು, ಅರ್ನ್ ಸರೋವರ ಉತ್ತರದ್ದು. ಇವೆರಡನ್ನೂ ಜೋಡಿಸಿ ದೋಣಿ ಓಡಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಕಾಲುವೆ ತೋಡಿದರು. ಮಹಾಕ್ಷಾಮದ ಕಾಲದಲ್ಲಿ ಶುರುವಾದ ಕೆಲಸ 1860ರಲ್ಲಿ ಮುಗಿಯಿತು. ಅಷ್ಟರಲ್ಲಿ ರೈಲು ಬಂದಿತ್ತು. ಒಂಬತ್ತು ವರ್ಷಗಳಲ್ಲಿ ಸುಂಕ ಕಟ್ಟಿ ಆ ಕಾಲುವೆಯಲ್ಲಿ ಸಾಗಿದ ದೋಣಿಗಳು ಎಂಟೇ ಎಂಟು. ಆಮೇಲೆ ಅದು ಹೂಳು ತುಂಬಿ, ಜೊಂಡು ಬೆಳೆದು, ಮರೆತುಹೋಯಿತು. ಬಾಂಬು, ಗುಂಡು ಇನ್ನೂ ನಿಂತಿರದ 1990ರಲ್ಲಿ ಈ ಹಾಳು ಕಾಲುವೆಗೆ ಮತ್ತೆ ಕೈಹಾಕಿದರು. 1994ರ ಮೇ ತಿಂಗಳಲ್ಲಿ ಅದು ತೆರೆಯಿತು, ಐರ್ಲೆಂಡ್ ಒಂದಾಗಬೇಕೆಂದು ಬಂದೂಕು ಹಿಡಿದಿದ್ದ ಐ.ಆರ್.ಎ. ಕದನವಿರಾಮ ಘೋಷಿಸಿದ್ದು ಅದೇ ವರ್ಷದ ಆಗಸ್ಟ್ ಕೊನೆಗೆ. ರಾಜಕಾರಣಿಗಳ ಸಹಿಗೆ ಕಾಯದೆ ಒಂದು ಕಾಲುವೆ ಗಡಿಯನ್ನು ದಾಟಿಬಿಟ್ಟಿತ್ತು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

63 ಕಿಲೋಮೀಟರ್ ದೂರ, ಹದಿನಾರು ಲಾಕ್‌ಗಳು. ಲಾಕ್ ಎಂದರೆ ಹಿಂದೂ ಮುಂದೂ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬರುತ್ತದೆ. ದಡದಲ್ಲಿ ಇಳಿದ ಒಬ್ಬರು ಅಲ್ಲಿರುವ ಪೆಟ್ಟಿಗೆಗೆ ಕಾರ್ಡು ತೂರಿಸಿ ಗುಂಡಿ ಒತ್ತುತ್ತಾರೆ. ಹಿಂದಿನ ಬಾಗಿಲು ಮುಚ್ಚುತ್ತದೆ, ತೂಬು ತೆರೆದು ನೀರು ಏರುತ್ತದೆ, ದೋಣಿಯೂ ಏರುತ್ತದೆ. ಅಷ್ಟು ಹೊತ್ತೂ ದೋಣಿ ಗೋಡೆಗೆ ಬಡಿಯದಂತೆ ಯಾರಾದರೂ ಹಗ್ಗ ಹಿಡಿದು ನಿಲ್ಲಬೇಕು. ಇದು ಅವಸರದವರ ಕೆಲಸವಲ್ಲ. ಒಂದು ದೋಣಿ ಒಳಗಿದ್ದರೆ ಇನ್ನೊಂದು ಹೊರಗೆ ಕಾಯುತ್ತದೆ, ಕಾಯುವವರು ಮಾತಾಡುತ್ತಾರೆ, ಮಾತಿನ ಧಾಟಿಯಿಂದಲೇ ಎದುರಿನವರು ಯಾವ ಕಡೆಯವರೆಂದು ಗೊತ್ತಾಗುತ್ತದೆ, ಗೊತ್ತಾದ ಮೇಲೂ ಹಗ್ಗ ಹಿಡಿಯಲು ಕೈ ಬೇಕಾಗುತ್ತದೆ. ಮಾರ್ಗರೆಟ್ ಅವರ ಬಾಯ್ಲ್ ಊರಿನ ಪಕ್ಕದ ಕೀ ಸರೋವರದಲ್ಲಿ ದೋಣಿ ಹತ್ತಿದವರು ಶ್ಯಾನನ್ ಸೇರಿ, ಈ ಕಾಲುವೆ ಹಿಡಿದು, ಆಗಲೇನ್ ಸೇತುವೆಯ ಕೆಳಗೆ ಹಾಯ್ದು, ಉತ್ತರದ ಎನಿಸ್‌ಕಿಲನ್ ಪಟ್ಟಣದವರೆಗೆ ಈಗ ನೀರಿನ ಮೇಲೇ ಹೋಗಬಹುದು.

ಈ ಕಾಲುವೆಯನ್ನು ನೋಡಿಕೊಳ್ಳುವ ಸಂಸ್ಥೆ ವಾಟರ್‌ವೇಸ್ ಐರ್ಲೆಂಡ್. 1998ರ ಏಪ್ರಿಲ್ 10ರಂದು ಬೆಲ್‌ಫಾಸ್ಟಿನಲ್ಲಿ ಸಹಿಯಾದ ಶಾಂತಿ ಒಪ್ಪಂದದ ಪ್ರಕಾರ ಎರಡೂ ಸರ್ಕಾರಗಳು ಕೂಡಿ ಹುಟ್ಟುಹಾಕಿದ ಸಂಸ್ಥೆಗಳಲ್ಲಿ ಇದೂ ಒಂದು. ಮುಖ್ಯ ಕಚೇರಿ ಎನಿಸ್‌ಕಿಲನ್‌ನಲ್ಲಿ, ಅಂದರೆ ಉತ್ತರದಲ್ಲಿ; ಜಲಮಾರ್ಗಗಳಲ್ಲಿ ಹೆಚ್ಚಿನವು ದಕ್ಷಿಣದಲ್ಲಿ. ಹಣ ಎರಡೂ ಕಡೆಯಿಂದ. ಬೆಲ್‌ಫಾಸ್ಟಿನ ಆಡಳಿತ 2002ರಿಂದ 2007ರವರೆಗೆ, ಮತ್ತೆ 2017ರಿಂದ 2020ರವರೆಗೆ, ಮತ್ತೆ 2022ರಿಂದ 2024ರವರೆಗೆ ಜಗಳದಿಂದಾಗಿ ನಿಂತುಹೋಗಿತ್ತು. ಆಗಲೂ ಕಾಲುವೆಯ ತೂಬುಗಳು ಕೆಲಸ ಮಾಡುತ್ತಲೇ ಇದ್ದವು. ಹೊರದೇಶಗಳಲ್ಲಿ ಇಡೀ ದ್ವೀಪವನ್ನು ಒಂದೇ ಪ್ರವಾಸಿ ತಾಣವೆಂದು ಪ್ರಚಾರ ಮಾಡುವ ಟೂರಿಸಂ ಐರ್ಲೆಂಡ್ ಕೂಡ ಅದೇ ಒಪ್ಪಂದದ ಕೂಸು.

ಆ ಕಾಲುವೆಯ ಹತ್ತಿರದಲ್ಲೇ ಕುಲ್ಕಾ ಎಂಬ ಬೆಟ್ಟವಿದೆ. ಗಡಿ ಅದರ ನೆತ್ತಿಯ ಮೇಲೆ ಹಾಯುತ್ತದೆ. ಉತ್ತರದ ಇಳಿಜಾರಿನಲ್ಲಿ ಮಾರ್ಬಲ್ ಆರ್ಚ್ ಎಂಬ ಸುಣ್ಣಕಲ್ಲಿನ ಗವಿಗಳು. ದಕ್ಷಿಣದ ಇಳಿಜಾರಿನಲ್ಲಿ ಐರ್ಲೆಂಡಿನ ಅತಿ ಉದ್ದದ ನದಿಯಾದ ಶ್ಯಾನನ್ ಹುಟ್ಟುವ ಮಡು. ಉತ್ತರದಲ್ಲಿ ನೆಲದೊಳಗೆ ಇಂಗಿಹೋಗುವ ನೀರಿಗೆ ಬಣ್ಣ ಬೆರೆಸಿ ನೋಡಿದಾಗ, ಅದು ಬೆಟ್ಟದ ಒಡಲೊಳಗೆ ಹರಿದು ದಕ್ಷಿಣದ ಆ ಮಡುವಿನಲ್ಲಿ ಮೇಲೇಳುತ್ತದೆ ಎಂದು ಗೊತ್ತಾಯಿತು. 2008ರಲ್ಲಿ ಬೆಟ್ಟದ ಎರಡೂ ಬದಿಯನ್ನು ಸೇರಿಸಿ ಒಂದೇ ಭೂವಿಜ್ಞಾನ ಉದ್ಯಾನ ಮಾಡಿದರು. ಎರಡು ದೇಶಗಳಲ್ಲಿ ಹರಡಿರುವ ಇಂಥ ಉದ್ಯಾನ ಜಗತ್ತಿನಲ್ಲೇ ಅದು ಮೊದಲನೆಯದು. ಎರಡೂ ಬದಿಯ ಸ್ಥಳೀಯ ಆಡಳಿತಗಳು ಅದನ್ನು ಕೂಡಿ ನಡೆಸುತ್ತವೆ. ಶಾಲೆಯ ಮಕ್ಕಳು ಅಲ್ಲಿಗೆ ಹೋಗಿ ಕಲಿಯುವುದು ಸುಣ್ಣಕಲ್ಲಿನ ಬಗ್ಗೆ. ಧರ್ಮದ ಬಗ್ಗೆ, ಸೌಹಾರ್ದದ ಬಗ್ಗೆ ಯಾರೂ ಅವರಿಗೆ ಭಾಷಣ ಮಾಡುವುದಿಲ್ಲ. ಇದು ಬಹಳ ಆರೋಗ್ಯಕರ ಎಂದು ನನ್ನ ಭಾವನೆ.

ಶ್ಯಾನನ್ ಮತ್ತು ಅರ್ನ್ ಜೋಡಿಸುವ ಆ ಕಾಲುವೆಯನ್ನು ಮತ್ತೆ ತೆರೆಯಲು ಹಣ ಎಲ್ಲಿಂದ ಬಂದಿತು? ಎರಡೂ ಸರ್ಕಾರಗಳು, ಯುರೋಪಿನ ಪ್ರಾದೇಶಿಕ ನಿಧಿ, ಜೊತೆಗೆ ಐರ್ಲೆಂಡಿನ ಅಂತರರಾಷ್ಟ್ರೀಯ ನಿಧಿ ಎಂಬ ವಿಶಿಷ್ಟ ಸಂಸ್ಥೆ. 1985ರ ಆಂಗ್ಲೋ-ಐರಿಷ್ ಒಪ್ಪಂದದ ಬೆನ್ನಿಗೇ, 1986ರಲ್ಲಿ, ಬ್ರಿಟಿಷ್ ಮತ್ತು ಐರಿಷ್ ಸರ್ಕಾರಗಳು ಅದನ್ನು ಸ್ಥಾಪಿಸಿದವು. ಅಮೆರಿಕ, ಯುರೋಪಿಯನ್ ಒಕ್ಕೂಟ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಣ ಕೊಟ್ಟವು. ಉತ್ತರದ ಆರು ಕೌಂಟಿಗಳು, ಗಡಿಗೆ ತಾಗಿದ ದಕ್ಷಿಣದ ಕೌಂಟಿಗಳು ಮತ್ತು ಸ್ಲೈಗೋ ಅದರ ಕ್ಷೇತ್ರ. ಯೂನಿಯನಿಸ್ಟರಲ್ಲಿ ಹಲವರು ಇದನ್ನು ಒಪ್ಪಂದ ನುಂಗಿಸಲು ಕೊಟ್ಟ ಲಂಚ ಎಂದು ಜರೆದರು. ಮೊದಮೊದಲು ಹತ್ತಿರ ಸುಳಿಯಲಿಲ್ಲ. ಅವರ ಅನುಮಾನ ಕರಗಲು ವರ್ಷಗಳೇ ಬೇಕಾದವು. ಕರಗಿಸಿದ್ದು ವಾದವಲ್ಲ. ಪಕ್ಕದ ಊರಿನಲ್ಲಿ ಮುಚ್ಚಿದ್ದ ಗಿರಣಿಯಲ್ಲಿ ಸಣ್ಣ ಉದ್ಯಮಗಳಿಗೆ ಜಾಗ ಸಿಕ್ಕಿದ್ದನ್ನು, ಅಲ್ಲಿ ತಮ್ಮವರಿಗೂ ಕೆಲಸ ಸಿಕ್ಕಿದ್ದನ್ನು ಅವರು ಕಣ್ಣಾರೆ ನೋಡಿದರು.

ಇದಕ್ಕಿಂತ ದೊಡ್ಡ ಹಣ 1995ರಲ್ಲಿ ಬಂದಿತು. ಕದನವಿರಾಮಗಳ ಬೆನ್ನಿಗೆ ಯುರೋಪಿಯನ್ ಒಕ್ಕೂಟ ಪೀಸ್ ಎಂಬ ಕಾರ್ಯಕ್ರಮವನ್ನು ಶುರುಮಾಡಿತು. ಅದರ ಮೊದಲ ಹಂತದಲ್ಲಿ ಮಾಡಿದ ಒಂದು ಏರ್ಪಾಟನ್ನು ನಮ್ಮ ಸಾರ್ವಜನಿಕ ಆಡಳಿತದ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ಉತ್ತರದಲ್ಲಿ ಆಗ 26 ಸ್ಥಳೀಯ ಮಂಡಳಿಗಳಿದ್ದವು. ಪ್ರತಿ ಮಂಡಳಿಯ ವ್ಯಾಪ್ತಿಗೂ ಒಂದೊಂದು ಸಮಿತಿ. ಅದರಲ್ಲಿ ಮೂರನೆಯ ಒಂದು ಪಾಲು ಚುನಾಯಿತ ಸದಸ್ಯರು, ಇನ್ನೊಂದು ಪಾಲು ಊರಿನ ಸ್ವಯಂಸೇವಾ ಸಂಘಗಳವರು, ಉಳಿದ ಪಾಲು ವ್ಯಾಪಾರಿಗಳು, ಕಾರ್ಮಿಕ ಸಂಘಗಳವರು, ಸರ್ಕಾರಿ ಸಂಸ್ಥೆಗಳವರು. ಯಾವ ಓಣಿಯ ಆಟದ ಮೈದಾನಕ್ಕೆ ಎಷ್ಟು, ಯಾವ ಮಹಿಳಾ ಕೇಂದ್ರಕ್ಕೆ ಎಷ್ಟು ಎಂದು ಅವರು ಒಂದೇ ಮೇಜಿನ ಸುತ್ತ ಕೂತು ತೀರ್ಮಾನಿಸಬೇಕು. ಟೆಲಿವಿಷನ್ನಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳ ಸ್ಥಳೀಯ ಮುಖಂಡರು, ಮೇಲಿನ ನಾಯಕರ ಒಪ್ಪಂದಕ್ಕೂ ಮೊದಲೇ, ಮೈದಾನದ ಬೇಲಿಯ ಅಂದಾಜುಪಟ್ಟಿಯ ಮೇಲೆ ಚರ್ಚೆ ನಡೆಸಿದರು. ಕೊಟ್ಟ ಹಣಕ್ಕಿಂತ ಈ ಕೂರಿಸಿದ ರೀತಿ ಮುಖ್ಯ.

ದೋಷಗಳೂ ಇವೆ, ಮುಚ್ಚಿಡಬಾರದು. ಅನುದಾನ ಎರಡು ಮೂರು ವರ್ಷಕ್ಕೆ ಸಿಗುತ್ತದೆ. ಮುಗಿದ ಕೂಡಲೇ ನೇಮಿಸಿಕೊಂಡವರು ಮನೆಗೆ ಹೋಗುತ್ತಾರೆ, ಕಟ್ಟಿಕೊಂಡ ಪರಿಚಯಗಳು ಹರಿದುಹೋಗುತ್ತವೆ. ಅರ್ಜಿ, ವೋಚರು, ವರದಿ, ಲೆಕ್ಕಪರಿಶೋಧನೆ ಎಂದು ಸಣ್ಣ ಸಂಘಗಳ ಉಸಿರುಗಟ್ಟುತ್ತದೆ. ಕೊನೆಗೆ ಅರ್ಜಿ ಬರೆಯುವುದರಲ್ಲಿ ಪಳಗಿದವರಿಗೇ ಹಣ ಹೋಗುತ್ತದೆ. ಈ ದೂರು ಮೊದಲ ಹಂತದಿಂದ ಇವತ್ತಿನವರೆಗೂ ಬಂದಿದೆ. ಆದರೂ, 2016ರಲ್ಲಿ ಬ್ರಿಟನ್ ಯುರೋಪನ್ನು ಬಿಡುವ ತೀರ್ಮಾನ ಮಾಡಿದ ಮೇಲೆ ಈ ಕಾರ್ಯಕ್ರಮ ಸತ್ತೇಹೋಯಿತು ಎಂದು ಹಲವರು ಅಂದುಕೊಂಡಿದ್ದಾಗ, ಬ್ರಿಟನ್, ಐರ್ಲೆಂಡ್, ಯುರೋಪ್ ಮೂರೂ ಸೇರಿ 110 ಕೋಟಿ ಯೂರೋಗೂ ಹೆಚ್ಚಿನ ಹೊಸ ಹಂತವನ್ನು ಒಪ್ಪಿದವು. ಬಿಟ್ಟುಹೋದವರೂ ಇದೊಂದನ್ನು ಬಿಡಲಿಲ್ಲ.

ಹೊರಗಿನ ಹಣದ ಬಗ್ಗೆ ಇಷ್ಟು ಹೇಳಿದ ಮೇಲೆ ಒಳಗಿನ ಹಣದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 1960ರಲ್ಲಿ ಉತ್ತರದ ಡೆರಿ ನಗರದ ಕ್ಯಾಥೊಲಿಕ್ ಕೇರಿಯಲ್ಲಿ ಬ್ಯಾಂಕು ಸಾಲ ಕೊಡುತ್ತಿರಲಿಲ್ಲ, ಬಡ್ಡಿ ಸಾಲದವರು ಸುಲಿಯುತ್ತಿದ್ದರು. ಅಲ್ಲಿ ಇಪ್ಪತ್ತಮೂರರ ಹರೆಯದ ಒಬ್ಬ ಶಾಲಾ ಮೇಷ್ಟ್ರು ನಾಲ್ಕಾರು ಜನರನ್ನು ಸೇರಿಸಿ ಕ್ರೆಡಿಟ್ ಯೂನಿಯನ್ ಶುರುಮಾಡಿದರು. ನಮ್ಮ ಪತ್ತಿನ ಸಹಕಾರ ಸಂಘದ ಮಾದರಿಯೇ ಅದು: ಸದಸ್ಯರದೇ ಉಳಿತಾಯ, ಸದಸ್ಯರಿಗೇ ಸಾಲ. ಆ ಮೇಷ್ಟ್ರು ಜಾನ್ ಹ್ಯೂಮ್. ಮುಂದೆ 1998ರ ಒಪ್ಪಂದದ ಶಿಲ್ಪಿಗಳಲ್ಲಿ ಒಬ್ಬರಾಗಿ, ಡೇವಿಡ್ ಟ್ರಿಂಬಲ್ ಅವರ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ತಾವು ಬದುಕಿನಲ್ಲಿ ಮಾಡಿದ ಕೆಲಸಗಳಲ್ಲಿ ಹೆಚ್ಚು ಹೆಮ್ಮೆ ಕ್ರೆಡಿಟ್ ಯೂನಿಯನ್ನಿನ ಬಗ್ಗೆಯೇ ಎಂದು ಹ್ಯೂಮ್ ಹೇಳುತ್ತಿದ್ದರು. ಈ ಸಂಘಗಳ ಅತಿ ದೊಡ್ಡ ಒಕ್ಕೂಟ ಇಂದಿಗೂ ಗಡಿಯ ಎರಡೂ ಬದಿಗೆ ಹರಡಿದೆ. ದೇಶ ಎರಡು, ಕರೆನ್ಸಿ ಎರಡು, ಒಕ್ಕೂಟ ಒಂದು. ದೊಡ್ಡ ನಿಧಿಗಳ ಬಗ್ಗೆ ಪುಸ್ತಕಗಳೇ ಬಂದಿವೆ. ಈ ಸಣ್ಣ ಸಂಘಗಳ ಬಗ್ಗೆ ಬರೆದವರು ಕಡಿಮೆ. ನನಗದು ನೋವಿನ ಸಂಗತಿ.

ಇನ್ನು ಪ್ರವಾಸ. ಬೆಲ್‌ಫಾಸ್ಟಿನಲ್ಲಿ ಕ್ಯಾಥೊಲಿಕರ ಫಾಲ್ಸ್ ರಸ್ತೆ ಮತ್ತು ಪ್ರಾಟೆಸ್ಟೆಂಟರ ಶ್ಯಾಂಕಿಲ್ ರಸ್ತೆಯ ನಡುವೆ 1969ರಲ್ಲಿ ಎದ್ದ ಗೋಡೆ ಈಗಲೂ ಇದೆ. ಇಂಥ ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುತ್ತೇವೆ ಎಂದು 2013ರಲ್ಲಿ ಸರ್ಕಾರ ಹೇಳಿತ್ತು. ತೆಗೆಯಲಾಗಲಿಲ್ಲ. ಪ್ರವಾಸಿಗಳು ಟ್ಯಾಕ್ಸಿಯಲ್ಲಿ ಬಂದು, ಗೋಡೆಯ ಮೇಲೆ ಹೆಸರು ಬರೆದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಇನ್ನೊಬ್ಬರ ಗಾಯವನ್ನು ಹೀಗೆ ನೋಡಿಹೋಗುವ ಪ್ರವಾಸ ನನಗೆ ಹಿಡಿಸುವುದಿಲ್ಲ. ಆದರೆ ಅದೇ ಬೀದಿಯಲ್ಲಿ ಇನ್ನೊಂದು ಬಗೆಯ ನಡಿಗೆಯ ಪ್ರವಾಸವೂ ಇದೆ. ಫಾಲ್ಸ್ ರಸ್ತೆಯಲ್ಲಿ ಜೊತೆಗೆ ಬಂದು ವಿವರಿಸುವವರು ಜೈಲಿನಲ್ಲಿ ವರ್ಷಗಟ್ಟಲೆ ಕಳೆದ ಒಬ್ಬ ಮಾಜಿ ರಿಪಬ್ಲಿಕನ್ ಕೈದಿ, ಅಂದರೆ ರಾಷ್ಟ್ರೀಯವಾದಿಗಳ ಕಡೆಯವನು. ತನ್ನ ಓಣಿಯ ಸಾವುಗಳನ್ನು, ತಾನು ಬಂದೂಕು ಹಿಡಿದ ಕಾರಣವನ್ನು ಆತ ಹೇಳುತ್ತಾನೆ. ಗೋಡೆಯ ಗೇಟಿನ ಬಳಿ ಬಂದಾಗ ನಿಲ್ಲುತ್ತಾನೆ. ಆಚೆ ಕಡೆ ಇನ್ನೊಬ್ಬ ಕಾದಿರುತ್ತಾನೆ. ಅವನು ಯೂನಿಯನಿಸ್ಟ್ ಪಡೆಯ ಮಾಜಿ ಕೈದಿ. ಇಬ್ಬರೂ ಕೈಕುಲುಕುತ್ತಾರೆ, ಬಂದವರನ್ನು ಒಬ್ಬ ಇನ್ನೊಬ್ಬನಿಗೆ ಒಪ್ಪಿಸುತ್ತಾನೆ, ಶ್ಯಾಂಕಿಲ್ ರಸ್ತೆಯಲ್ಲಿ ಕಥೆ ತಲೆಕೆಳಗಾಗಿ ಮತ್ತೆ ಶುರುವಾಗುತ್ತದೆ. ಎರಡು ಕಥೆಗಳನ್ನೂ ಹೊಂದಿಸಿ ಒಂದು ಮಾಡುವ ಯತ್ನವನ್ನು ಅವರು ಮಾಡುವುದಿಲ್ಲ. ಮುಂದಿನ ತಂಡ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಯಾರು ಎಲ್ಲಿ ನಿಲ್ಲಬೇಕು ಎಂದು ಮಾತಾಡಿಕೊಳ್ಳುತ್ತಾರೆ. ಹಿಂದೆ ಒಬ್ಬರನ್ನೊಬ್ಬರು ಕೊಲ್ಲಲು ಸಿದ್ಧರಿದ್ದವರು ಇವರು.

ಇನ್ನೊಂದು ಪ್ರವಾಸ ಬೆಲ್ಜಿಯಂನ ಮೆಸಿನ್ಸ್ ಎಂಬಲ್ಲಿಗೆ. 1917ರ ಜೂನಿನಲ್ಲಿ ಅಲ್ಲಿ ಪ್ರಾಟೆಸ್ಟೆಂಟರೇ ಹೆಚ್ಚಿದ್ದ ಅಲ್ಸ್ಟರ್ ದಳವೂ ಕ್ಯಾಥೊಲಿಕರೇ ಹೆಚ್ಚಿದ್ದ ಐರಿಷ್ ದಳವೂ ಅಕ್ಕಪಕ್ಕದಲ್ಲಿ ನಿಂತು ಕಾದಾಡಿದ್ದವು. ದಕ್ಷಿಣ ಈ ಸೈನಿಕರನ್ನು ದಶಕಗಳ ಕಾಲ ಮರೆತಿತ್ತು; ಉತ್ತರ ತನ್ನವರನ್ನು ಮಾತ್ರ ನೆನೆಯುತ್ತಿತ್ತು. ಡಾನಿಗಾಲ್‌ನ ಸಂಸದರಾಗಿದ್ದ ಪ್ಯಾಡಿ ಹಾರ್ಟ್ ಮತ್ತು ಡೆರಿಯ ಯೂನಿಯನಿಸ್ಟ್ ಮುಖಂಡ ಗ್ಲೆನ್ ಬಾರ್ ಇಬ್ಬರೂ ಸೇರಿ ಅಲ್ಲೊಂದು ಸ್ಮಾರಕ ಗೋಪುರ ಕಟ್ಟಿಸಿದರು. ಮಲಿಂಗಾರ್‌ನಲ್ಲಿ ಬಡವರಿಗಾಗಿ ಇದ್ದ ಹಳೆಯ ದುಡಿಮೆಮನೆಯ ಕಲ್ಲು, ಟಿಪರೇರಿಯ ಹಳೆಯ ಬ್ರಿಟಿಷ್ ಬ್ಯಾರಕ್ಕಿನ ಕಲ್ಲು ಅಲ್ಲಿಗೆ ಸಾಗಿದವು. ಕಟ್ಟಿದವರು ಗಡಿಯ ಎರಡೂ ಕಡೆಯಿಂದ ಬಂದ, ಕೆಲಸ ಕಲಿಯುತ್ತಿದ್ದ ಯುವಕರು. 1998ರ ನವೆಂಬರ್ 11ರಂದು ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕಲೀಸ್, ಬ್ರಿಟನ್ನಿನ ರಾಣಿ ಎಲಿಜಬೆತ್, ಬೆಲ್ಜಿಯಂನ ದೊರೆ ಆಲ್ಬರ್ಟ್ ಒಟ್ಟಿಗೆ ನಿಂತು ಅದನ್ನು ಉದ್ಘಾಟಿಸಿದರು. ಆ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಆ ಹುಡುಗರು ತಿಂಗಳುಗಟ್ಟಲೆ ಒಂದೇ ಗಾರೆಯಲ್ಲಿ ಕೈಯಿಟ್ಟು ಕಲ್ಲು ಕೂರಿಸಿದ್ದು.

ಶಿಕ್ಷಣವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅಲ್ಲಿನ ಪ್ರಗತಿ ಎಲ್ಲಕ್ಕಿಂತ ನಿಧಾನ. 1975ರಲ್ಲಿ ಬೆಲ್‌ಫಾಸ್ಟಿನ ಆರು ಮಕ್ಕಳನ್ನು, ಮೂವರು ಈ ಕಡೆಯವರು ಮೂವರು ಆ ಕಡೆಯವರು, ಬೇಸಿಗೆಗೆ ಅಮೆರಿಕಕ್ಕೆ ಕರೆದೊಯ್ಯುವ ಪ್ರಾಜೆಕ್ಟ್ ಚಿಲ್ಡ್ರನ್ ಶುರುವಾಯಿತು. ಮುಂದಿನ ನಾಲ್ಕು ದಶಕಗಳಲ್ಲಿ ಸಾವಿರಾರು ಮಕ್ಕಳು ಹೋಗಿಬಂದರು. ಬಾಂಬಿನ ಸದ್ದಿಲ್ಲದ ಕೆಲವು ವಾರಗಳನ್ನು ಒಂದು ಮಗುವಿಗೆ ಕೊಡುವುದು ಪುಣ್ಯದ ಕೆಲಸವೇ. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸೆಪ್ಟೆಂಬರ್ ಬಂದಾಗ ಅದೇ ಮಕ್ಕಳು ಬೇರೆ ಬೇರೆ ಓಣಿಗೆ, ಬೇರೆ ಬೇರೆ ಶಾಲೆಗೆ ಮರಳುತ್ತಿದ್ದರು. ಗೆಳೆತನ ಮುಂದುವರಿಸಲು ಜಾಗವೇ ಇರಲಿಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಎಚ್ಚರಿಸಿದ್ದರು: ಸುಮ್ಮನೆ ಭೇಟಿ ಮಾಡಿಸಿದರೆ ಪೂರ್ವಗ್ರಹ ಹೋಗುವುದಿಲ್ಲ, ಸಮಾನ ಸ್ಥಾನ ಇರಬೇಕು, ಕೂಡಿ ಮಾಡುವ ಗುರಿಯಿರಬೇಕು, ಆಡಳಿತದ ಬೆಂಬಲವಿರಬೇಕು.

1981ರಲ್ಲಿ ಬೆಲ್‌ಫಾಸ್ಟಿನ ಕೆಲವು ತಂದೆತಾಯಂದಿರು ಸರ್ಕಾರದ ನೆರವಿಲ್ಲದೆ, ಚರ್ಚುಗಳ ಸಿಟ್ಟನ್ನೂ ಲೆಕ್ಕಿಸದೆ, 28 ಮಕ್ಕಳನ್ನು ಇಟ್ಟುಕೊಂಡು ಲಗಾನ್ ಕಾಲೇಜು ಎಂಬ ಶಾಲೆ ತೆರೆದರು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಮಕ್ಕಳು ಕೂಡಿ ಕಲಿಯಬೇಕೆಂದೇ ಹುಟ್ಟಿದ ಮೊದಲ ಶಾಲೆ ಅದು. ಮಕ್ಕಳನ್ನು ಕಳಿಸಿದ ಆ ತಾಯಂದಿರ ಧೈರ್ಯವನ್ನು ನೆನೆದರೆ ನನಗೆ ಈಗಲೂ ಮೈನವಿರೇಳುತ್ತದೆ. 1981 ಎಂದರೆ ಜೈಲಿನಲ್ಲಿ ಉಪವಾಸ ಕೂತು ಹತ್ತು ರಿಪಬ್ಲಿಕನ್ ಕೈದಿಗಳು ಸತ್ತ ವರ್ಷ. 1989ರ ಕಾನೂನು ಇಂಥ ಶಾಲೆಗಳನ್ನು ಪ್ರೋತ್ಸಾಹಿಸುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. ಇಂದು ಎಪ್ಪತ್ತರಷ್ಟು ಸಂಯುಕ್ತ ಶಾಲೆಗಳಿವೆ. ಆದರೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಅಲ್ಲಿಗೆ ಹೋಗುತ್ತಿಲ್ಲ.

ಗಡಿಯಾಚೆಗಿನ ಶಿಕ್ಷಣ ಸಂಬಂಧದಲ್ಲಿ ನನಗೆ ಅತ್ಯಂತ ಗಟ್ಟಿಯೆನಿಸುವುದು ಆರ್ಮಾ ಕೌಂಟಿಯ ಮಿಡಲ್‌ಟೌನ್ ಎಂಬ ಗಡಿ ಹಳ್ಳಿಯ ಆಟಿಸಂ ಕೇಂದ್ರ. ಎರಡೂ ದೇಶಗಳ ಶಿಕ್ಷಣ ಇಲಾಖೆಗಳು ಸಮವಾಗಿ ಹೊಣೆ ಹೊತ್ತು 2007ರಿಂದ ಅದನ್ನು ನಡೆಸುತ್ತಿವೆ. ಆಟಿಸಂ ಇರುವ ಮಗುವಿನ ತಾಯಿಗೆ, ಅಂಥ ಮಗುವಿಗೆ ಪಾಠ ಹೇಳುವ ಶಿಕ್ಷಕಿಗೆ ಬೇಕಾದ ತರಬೇತಿ ಅಲ್ಲಿ ಸಿಗುತ್ತದೆ. ಆ ತಾಯಿಗೆ ಪಕ್ಕದಲ್ಲಿ ಕೂತವಳ ಧರ್ಮಕ್ಕಿಂತ ಅವಳ ಅನುಭವ ಮುಖ್ಯ. ಡೆರಿಯ ಆಸ್ಪತ್ರೆಯಲ್ಲಿ 2016ರಲ್ಲಿ ತೆರೆದ ಕ್ಯಾನ್ಸರ್ ಕೇಂದ್ರವೂ ಹಾಗೆಯೇ. ವಿಕಿರಣ ಚಿಕಿತ್ಸೆಗೆ ಗಾಲ್ವೇಗೋ ಡಬ್ಲಿನ್ನಿಗೋ ಅಲೆಯಬೇಕಿದ್ದ ಡಾನಿಗಾಲ್‌ನ ರೋಗಿಗಳು ಈಗ ಗಡಿ ದಾಟಿ ಅಲ್ಲಿಗೆ ಬರುತ್ತಾರೆ.

ಕೊನೆಯದಾಗಿ, ಉತ್ತರದ ಓಮಾ ಪಟ್ಟಣ. 1998ರ ಆಗಸ್ಟ್ 15, ಶನಿವಾರ. ಒಪ್ಪಂದಕ್ಕೆ ಸಹಿಯಾಗಿ ನಾಲ್ಕು ತಿಂಗಳು ಕಳೆದಿತ್ತು. ಅದನ್ನು ಒಪ್ಪದ ಒಂದು ಬಣ ಓಮಾ ಪಟ್ಟಣದ ಪೇಟೆಯಲ್ಲಿ ಕಾರ್‌ಬಾಂಬ್ ಸಿಡಿಸಿತು. 29 ಜನ ಸತ್ತರು. ಅವರಲ್ಲಿ ದಕ್ಷಿಣದ ಬಂಕ್ರಾನಾ ಊರಿನ ಮೂವರು ಹುಡುಗರಿದ್ದರು. ಭಾಷೆ ಕಲಿಯಲು ಸ್ಪೇನಿನಿಂದ ಬಂದಿದ್ದ ಒಬ್ಬ ಬಾಲಕನೂ ಆ ತಂಡವನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಯುವತಿಯೂ ಇದ್ದರು. ಅವರೆಲ್ಲ ಒಂದು ಶೈಕ್ಷಣಿಕ ಪ್ರವಾಸದ ಮೇಲೆ ಗಡಿ ದಾಟಿ ಬಂದಿದ್ದರು. ನಾವು ಇಲ್ಲಿ ವಿಷಯವೆಂದು ಚರ್ಚಿಸುತ್ತಿರುವ ಕೆಲಸವನ್ನೇ ಮಾಡುತ್ತ ಆ ಮಕ್ಕಳು ಪ್ರಾಣ ಬಿಟ್ಟರು.

ಅದೇ ಓಮಾದಲ್ಲಿ ಬ್ರಿಟಿಷ್ ಸೇನೆ ಬಿಟ್ಟುಹೋದ ಬ್ಯಾರಕ್ಕಿನ ವಿಶಾಲ ಜಾಗದಲ್ಲಿ ಆರು ಶಾಲೆಗಳನ್ನು ಒಟ್ಟಿಗೆ ತರುವ ಯೋಜನೆಯಿದೆ. ಒಂದು ವಿಶೇಷ ಶಾಲೆ 2016ರಲ್ಲೇ ಅಲ್ಲಿಗೆ ಬಂದಿತು. ಉಳಿದ ಐದರ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಪ್ರತಿ ಶಾಲೆಗೂ ಅದರದೇ ಹೆಸರು, ಅದರದೇ ಸಮವಸ್ತ್ರ, ಅದರದೇ ಧಾರ್ಮಿಕ ವಾತಾವರಣ ಉಳಿಯುತ್ತದೆ. ಆಟದ ಮೈದಾನ, ಪ್ರಯೋಗಾಲಯ, ಕೆಲವು ವಿಷಯಗಳ ತರಗತಿ ಎಲ್ಲರಿಗೂ ಸೇರಿದ್ದು. ಇದರಿಂದ ಪ್ರತ್ಯೇಕತೆಯೇ ಗಟ್ಟಿಯಾಗುತ್ತದೆ ಎನ್ನುವ ಟೀಕಾಕಾರರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಲಗಾನ್ ದಾರಿಯೇ ನೇರವಾದ ದಾರಿ ಎಂದು ನಾನೂ ನಂಬುತ್ತೇನೆ. ಆದರೂ ತಮ್ಮ ಶಾಲೆಯನ್ನು ಕಳೆದುಕೊಳ್ಳಲು ಒಪ್ಪದ ಜನರನ್ನು ಒಂದೇ ಗೇಟಿನೊಳಗೆ ಕರೆತರುವ ಈ ಕೆಲಸ ನಡೆಯಲಿ ಎಂದೇ ನನ್ನ ಆಸೆ. ಅಲ್ಲಿನ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ ಇದ್ದರೆ ಇಷ್ಟೇ: ಕೂಡಿ ಕಲಿಸುವ ವಿಷಯಗಳ ಪಟ್ಟಿಯನ್ನು ಭೌತಶಾಸ್ತ್ರ, ಕಂಪ್ಯೂಟರ್, ಸಂಗೀತಕ್ಕೆ ನಿಲ್ಲಿಸಬೇಡಿ. ಚರಿತ್ರೆಯ ತರಗತಿಗೂ ಎಲ್ಲ ಶಾಲೆಗಳ ಮಕ್ಕಳನ್ನು ಒಂದೇ ಕೋಣೆಗೆ ಕರೆಯಿರಿ. 1998ರ ಆಗಸ್ಟಿನ ಪಾಠವನ್ನು ಎರಡು ಕಡೆಯ ಮೇಷ್ಟ್ರುಗಳು ಒಟ್ಟಿಗೆ ನಿಂತು ಮಾಡಲಿ.